ಮೃದು ತೊಗಲಿನ ಅಂಚುಗೆಲಸ

ಮೃದು ತೊಗಲಿನ ಅಂಚುಗೆಲಸ ಎಂದರೆ ಕೈಯಿಂದ ತಯಾರಿಸುವ ಚೀಲ, ಹಣದ ಸಂಚಿ, ಕೈಗವಸು, ಪಾದರಕ್ಷೆ, ಉಡುಪು ಮೊದಲಾದ ವಸ್ತುಗಳಲ್ಲಿ ಮೆತ್ತಗಿದ್ದು ಎಳೆದಾಗ ಹಿಗ್ಗುವ ತೊಗಲಿನ ಕತ್ತರಿಸಿದ ಅಂಚನ್ನು ಬಾಳಿಕೆ ಬರುವಂತೆ ಹಾಗೂ ನೋಟಕ್ಕೆ ಒಪ್ಪುವಂತೆ ಮುಗಿಸುವ ಕೆಲಸ. ಕುರಿ, ಆಡು, ಜಿಂಕೆ ಮುಂತಾದ ಪ್ರಾಣಿಗಳ ತೆಳು ತೊಗಲುಗಳು ಮತ್ತು ಕ್ರೋಮ್ ಹದದ ಮೆತ್ತನೆಯ ಹಸುವಿನ ತೊಗಲು ಈ ಗುಂಪಿಗೆ ಸೇರುತ್ತವೆ. ಸಸ್ಯ ಹದದ ಗಟ್ಟಿ ತೊಗಲಿನ ಅಂಚನ್ನು ನೀರು ಮತ್ತು ಗೋಂದು ಹಚ್ಚಿ ಉಜ್ಜಿ ಹೊಳಪಾಗಿಸಬಹುದು. ಮೃದು ತೊಗಲಿನಲ್ಲಿ ಈ ಕ್ರಮ ಫಲ ಕೊಡುವುದಿಲ್ಲ. ಆದ್ದರಿಂದ ಅದರ ಅಂಚನ್ನು ಮಡಿಸುವುದು, ಪಟ್ಟಿಯಿಂದ ಮುಚ್ಚುವುದು, ಹೊಲಿದು ಒಳಮಗ್ಗುಲಿಗೆ ತಿರುಗಿಸುವುದು, ಬಾರಿನಿಂದ ಹೆಣೆಯುವುದು ಅಥವಾ ಇದ್ದಂತೆಯೇ ಬಿಡುವುದು ರೂಢಿಯಲ್ಲಿದೆ. ಈ ವಿಧಾನಗಳಲ್ಲಿ ಯಾವುದನ್ನು ಆಯ್ದರೂ, ಅಂಚಿನ ಬಾಳಿಕೆ ಮೇಲೆ ಕಾಣುವ ಬಣ್ಣ ಅಥವಾ ಹೊಳಪಿಗಿಂತ ಹೆಚ್ಚಾಗಿ ತೊಗಲಿನ ಹಿಗ್ಗನ್ನು ಮೊದಲೇ ಎಷ್ಟರಮಟ್ಟಿಗೆ ಹತೋಟಿಗೆ ತರಲಾಗಿದೆ ಎಂಬುದನ್ನು ಅವಲಂಬಿಸಿರುತ್ತದೆ.

## ತೊಗಲಿನ ರಚನೆ ಮತ್ತು ಹಿಗ್ಗು

ತೊಗಲು ನೇಯ್ದ ಬಟ್ಟೆಯಂತಲ್ಲ. ಅದು ಕೊಲಾಜೆನ್ ಎಂಬ ಪ್ರೋಟೀನಿನ ನಾರುಕಟ್ಟುಗಳು ಎಲ್ಲ ದಿಕ್ಕುಗಳಲ್ಲೂ ಒಂದರೊಳಗೊಂದು ಹೆಣೆದುಕೊಂಡ ಜಾಲ. ಕೂದಲಿದ್ದ ಮೇಲ್ಬದಿಯಲ್ಲಿ ನಾರುಗಳು ಸಣ್ಣವಾಗಿಯೂ ಒತ್ತಾಗಿಯೂ ಇರುತ್ತವೆ. ಕೆಳಗಿನ ಪದರದಲ್ಲಿ ದಪ್ಪವಾಗಿರುತ್ತವೆ. ಬಟ್ಟೆಯಲ್ಲಿ ಇರುವಂತೆ ಹಾಸು ಹೊಕ್ಕಿನ ಎಳೆಗಳು ಇಲ್ಲದಿರುವುದರಿಂದ ಕತ್ತರಿಸಿದ ತೊಗಲಿನ ಅಂಚು ಎಳೆಎಳೆಯಾಗಿ ಬಿಚ್ಚಿಕೊಳ್ಳುವುದಿಲ್ಲ. ಆದರೆ ಕತ್ತರಿಸಿದ ಕಡೆ ನಾರುಗಳ ತುದಿಗಳು ತೆರೆದುಕೊಳ್ಳುತ್ತವೆ. ಬಳಕೆಯಲ್ಲಿ ಅವು ಕೆದರಿ, ಬೆವರು ಮತ್ತು ಕೊಳೆಯನ್ನು ಹೀರುತ್ತವೆ.

ಒಂದೇ ಪ್ರಾಣಿಯ ತೊಗಲಿನಲ್ಲಿಯೂ ಹಿಗ್ಗು ಎಲ್ಲ ಕಡೆ ಸಮನಾಗಿರುವುದಿಲ್ಲ. ಬೆನ್ನುಮೂಳೆಯ ಅಕ್ಕಪಕ್ಕದ ಭಾಗದಲ್ಲಿ ನಾರುಗಳು ಒತ್ತಾಗಿದ್ದು ಹಿಗ್ಗು ಕಡಿಮೆ. ಹೊಟ್ಟೆ, ಪಕ್ಕೆ ಮತ್ತು ತೊಡೆಸಂದಿನ ಭಾಗಗಳಲ್ಲಿ ನಾರುಗಳು ಸಡಿಲವಾಗಿದ್ದು ಹಿಗ್ಗು ಹೆಚ್ಚು. ಸಾಮಾನ್ಯವಾಗಿ ಬೆನ್ನುಮೂಳೆಗೆ ಸಮಾನಾಂತರವಾಗಿ ಎಳೆದಾಗ ತೊಗಲು ಕಡಿಮೆ ಹಿಗ್ಗುತ್ತದೆ, ಅಡ್ಡಲಾಗಿ ಎಳೆದಾಗ ಹೆಚ್ಚು ಹಿಗ್ಗುತ್ತದೆ. ಈ ಕಾರಣದಿಂದ ಚೀಲದ ಹಿಡಿಕೆ, ಹೆಗಲಪಟ್ಟಿ ಮೊದಲಾದ ಭಾರ ಹೊರುವ ಭಾಗಗಳನ್ನು ಬೆನ್ನಿನ ಉದ್ದಕ್ಕೆ ಕತ್ತರಿಸಲಾಗುತ್ತದೆ.

ಪ್ರಾಣಿಯ ಜಾತಿಗೆ ಅನುಗುಣವಾಗಿಯೂ ವ್ಯತ್ಯಾಸಗಳಿವೆ. ಜಿಂಕೆಯ ತೊಗಲು ಬಹಳ ಹಿಗ್ಗಿದರೂ ಗಟ್ಟಿಯಾದುದು. ಕುರಿಯ ಚರ್ಮದಲ್ಲಿ ಮೇಲ್ಪದರ ಮತ್ತು ಕೆಳಪದರಗಳ ನಡುವೆ ಕೊಬ್ಬು ಹೆಚ್ಚಾಗಿರುತ್ತದೆ. ಹದ ಮಾಡುವಾಗ ಕೊಬ್ಬು ಹೊರಹೋದ ನಂತರ ಆ ಜಾಗ ಸಡಿಲವಾಗಿ ಉಳಿಯುವುದರಿಂದ ಕುರಿತೊಗಲಿನ ಅಂಚು ಎರಡು ಪದರವಾಗಿ ಬಿಡುವ ಸಂಭವವಿದೆ. ಆಡಿನ ತೊಗಲು ಅದೇ ದಪ್ಪದಲ್ಲಿ ಹೆಚ್ಚು ಬಿಗಿಯಾಗಿದ್ದು ಸವೆತವನ್ನು ಚೆನ್ನಾಗಿ ತಡೆಯುತ್ತದೆ.

## ಹದ ಮಾಡುವ ವಿಧಾನದ ಪ್ರಭಾವ

ಸಸ್ಯ ಹದದಲ್ಲಿ ಮರದ ತೊಗಟೆ, ಕಾಯಿ ಅಥವಾ ಎಲೆಗಳ ಒಗರಿನ ಅಂಶವಾದ ಟ್ಯಾನಿನ್ ನಾರುಗಳ ನಡುವಿನ ಜಾಗವನ್ನು ತುಂಬಿಕೊಳ್ಳುತ್ತದೆ. ಇಂತಹ ತೊಗಲು ಒದ್ದೆಯಾದಾಗ ಬಗ್ಗುತ್ತದೆ, ಒಣಗಿದಾಗ ಪಡೆದ ಆಕಾರವನ್ನು ಉಳಿಸಿಕೊಳ್ಳುತ್ತದೆ. ಅಂಚನ್ನು ತೇವ ಮಾಡಿ ಮರದ ತುಂಡಿನಿಂದ ವೇಗವಾಗಿ ಉಜ್ಜಿದಾಗ ಒತ್ತಡ ಮತ್ತು ಬಿಸಿಯಿಂದ ನಾರಿನ ತುದಿಗಳು ಒಂದಕ್ಕೊಂದು ಅಂಟಿಕೊಂಡು ನುಣುಪಾದ, ಗಟ್ಟಿಯಾದ ಪದರ ಉಂಟಾಗುತ್ತದೆ.

ಕ್ರೋಮ್ ಹದದಲ್ಲಿ ಕ್ರೋಮಿಯಂ ಲವಣಗಳು ಕೊಲಾಜೆನ್ ಅಣುಗಳನ್ನು ಪರಸ್ಪರ ಬೆಸೆಯುತ್ತವೆ, ಆದರೆ ನಾರುಗಳ ನಡುವಿನ ಜಾಗವನ್ನು ತುಂಬುವುದಿಲ್ಲ. ಬಳಿಕ ಎಣ್ಣೆ ಮತ್ತು ಕೊಬ್ಬಿನ ದ್ರಾವಣವನ್ನು ಹೀರಿಸುವುದರಿಂದ ನಾರುಗಳು ಒಂದರ ಮೇಲೊಂದು ಸುಲಭವಾಗಿ ಜಾರುತ್ತವೆ. ತೊಗಲು ಮೆತ್ತಗಾಗಲು ಮುಖ್ಯ ಕಾರಣ ಈ ಜಾರುವಿಕೆಯೇ. ಉಜ್ಜಿದರೂ ನಾರುಗಳು ಅಂಟಿಕೊಳ್ಳದೆ ಮತ್ತೆ ಎದ್ದು ನಿಲ್ಲಲು ಕಾರಣವೂ ಅದೇ. ಕ್ರೋಮ್ ತೊಗಲು ನೀರಿನಲ್ಲಿ ಕುಗ್ಗತೊಡಗುವ ಉಷ್ಣತೆ ಸುಮಾರು 100 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕೂ ಹೆಚ್ಚು; ಸಸ್ಯ ಹದದ ತೊಗಲಿನಲ್ಲಿ ಅದು ಸುಮಾರು 70ರಿಂದ 85 ಡಿಗ್ರಿ. ಆದ್ದರಿಂದ ಕೈಯಿಂದ ಉಜ್ಜುವಾಗ ಹುಟ್ಟುವ ಬಿಸಿಯಿಂದ ಕ್ರೋಮ್ ತೊಗಲಿನ ಅಂಚು ಗಟ್ಟಿಯಾಗುವುದಿಲ್ಲ.

ಎಣ್ಣೆ ಹದದ ತೊಗಲು ಇವೆರಡಕ್ಕಿಂತಲೂ ಸಡಿಲ. ಮೀನೆಣ್ಣೆಯಿಂದ ಹದ ಮಾಡಿದ ಒರೆಸುವ ತೊಗಲು ಇದಕ್ಕೆ ಉದಾಹರಣೆ. ಇದರ ಅಂಚನ್ನು ಸಾಮಾನ್ಯವಾಗಿ ಮುಗಿಸುವ ಗೋಜಿಗೆ ಹೋಗದೆ ಕತ್ತರಿಸಿದಂತೆಯೇ ಬಿಡಲಾಗುತ್ತದೆ.

## ಇತಿಹಾಸ

ಮೃದು ತೊಗಲಿನ ಬಳಕೆ ಕ್ರೋಮ್ ಹದಕ್ಕಿಂತ ಬಹಳ ಹಳೆಯದು. ಉತ್ತರ ಅಮೆರಿಕದ ಬಯಲುನಾಡಿನ ಮೂಲನಿವಾಸಿಗಳು ಪ್ರಾಣಿಗಳ ಮೆದುಳನ್ನು ಬಳಸಿ ಹದ ಮಾಡಿ, ಹೊಗೆ ಹಿಡಿಸಿದ ಜಿಂಕೆಯ ತೊಗಲಿನಿಂದ ಉಡುಪುಗಳನ್ನು ತಯಾರಿಸುತ್ತಿದ್ದರು. ಅವುಗಳ ಅಂಚನ್ನು ಅನೇಕ ವೇಳೆ ಮಡಿಸದೆ ಸಣ್ಣ ಜೂಲುಗಳಾಗಿ ಸೀಳಲಾಗುತ್ತಿತ್ತು. ಯುರೋಪಿನಲ್ಲಿ ಪಟಿಕ, ಉಪ್ಪು, ಹಿಟ್ಟು ಮತ್ತು ಮೊಟ್ಟೆಯ ಹಳದಿಯ ಮಿಶ್ರಣದಿಂದ ಹದ ಮಾಡಿದ ಆಡುಮರಿಯ ತೊಗಲು ಕೈಗವಸುಗಳಿಗೆ ಹೆಸರಾಗಿತ್ತು.

ಕ್ರೋಮಿಯಂ ಲವಣಗಳಿಂದ ಹದ ಮಾಡುವ ಸಾಧ್ಯತೆಯನ್ನು ಜರ್ಮನಿಯ ಫ್ರೀಡ್ರಿಷ್ ಕ್ನಾಪ್ 1858ರಲ್ಲಿ ವಿವರಿಸಿದನು. ಅಮೆರಿಕದ ಆಗಸ್ಟಸ್ ಷುಲ್ಟ್ಸ್ 1884ರಲ್ಲಿ ಎರಡು ದ್ರಾವಣಗಳ ವಿಧಾನಕ್ಕೂ, ಮಾರ್ಟಿನ್ ಡೆನಿಸ್ 1893ರಲ್ಲಿ ಒಂದೇ ದ್ರಾವಣದ ವಿಧಾನಕ್ಕೂ ಪೇಟೆಂಟ್ ಪಡೆದರು. ಭಾರತದಲ್ಲಿ 20ನೆಯ ಶತಮಾನದ ಮೊದಲ ದಶಕದಲ್ಲಿ ಮದರಾಸು ಸರ್ಕಾರದ ಆಶ್ರಯದಲ್ಲಿ ಆಲ್ಫ್ರೆಡ್ ಚಾಟರ್ಟನ್ ಕ್ರೋಮ್ ಹದದ ಪ್ರಯೋಗಗಳನ್ನು ನಡೆಸಿದನು. ಮುಂದೆ ಆತ ಮೈಸೂರು ಸಂಸ್ಥಾನದ ಕೈಗಾರಿಕಾ ಇಲಾಖೆಯ ನಿರ್ದೇಶಕನಾದನು. ಇಂದು ಜಗತ್ತಿನಲ್ಲಿ ತಯಾರಾಗುವ ತೊಗಲಿನ ಬಹುಪಾಲು ಕ್ರೋಮ್ ಹದದ್ದು. ಕೈಕಸುಬಿನವರಿಗೆ ಮಾರುಕಟ್ಟೆಯಲ್ಲಿ ಸುಲಭವಾಗಿ ಸಿಗುವ ತುಂಡು ತೊಗಲು ಹೆಚ್ಚಾಗಿ ಇದೇ ಆಗಿರುವುದರಿಂದ ಅಂಚಿನ ಪ್ರಶ್ನೆ ಅವರಿಗೆ ಮುಖ್ಯವಾಗಿದೆ.

## ಪೂರ್ವಸಿದ್ಧತೆ

### ಕತ್ತರಿಸುವಿಕೆ

ಮೃದು ತೊಗಲು ಅಲಗಿನ ಮುಂದೆ ಅಲೆಯಂತೆ ತಳ್ಳಲ್ಪಡುತ್ತದೆ. ಕತ್ತರಿಸಿದ ಮೇಲೆ ಹಿಂದಕ್ಕೆ ಕುಗ್ಗಿದಾಗ ಗೆರೆ ಸೊಟ್ಟಗಾಗುತ್ತದೆ. ಇದನ್ನು ತಪ್ಪಿಸಲು ತೊಗಲನ್ನು ಎಳೆಯದೆ ಸಹಜವಾಗಿ ಹರಡಿ, ನಮೂನೆಯ ಮೇಲೆ ಭಾರವಿಟ್ಟು, ಉರುಳುವ ಅಲಗಿನಿಂದ ಅಥವಾ ಬಹಳ ಹರಿತವಾದ ಕತ್ತಿಯಿಂದ ಒಂದೇ ಎಳೆತದಲ್ಲಿ ಕತ್ತರಿಸಲಾಗುತ್ತದೆ. ಕತ್ತರಿಸುವ ಮೊದಲು ಎರಡೂ ದಿಕ್ಕುಗಳಲ್ಲಿ ಕೈಯಿಂದ ಎಳೆದು ನೋಡಿ, ಹೆಚ್ಚು ಹಿಗ್ಗುವ ದಿಕ್ಕನ್ನು ಒಳಬದಿಯಲ್ಲಿ ಗುರುತು ಮಾಡುವುದು ವಾಡಿಕೆ.

### ಹಿಗ್ಗು ತಡೆಯುವುದು

ಅಂಚಿನ ಉದ್ದಕ್ಕೂ ಹಿಗ್ಗದ ವಸ್ತುವೊಂದನ್ನು ಅಂಟಿಸುವುದು ಈ ಕೆಲಸದ ಅತಿಮುಖ್ಯ ಹಂತ. ಪಾದರಕ್ಷೆ ಮತ್ತು ಚೀಲಗಳ ತಯಾರಿಕೆಯಲ್ಲಿ 4ರಿಂದ 6 ಮಿಲಿಮೀಟರ್ ಅಗಲದ ನೈಲಾನ್ ಅಥವಾ ಹತ್ತಿಯ ಪಟ್ಟಿಯನ್ನು ತೊಗಲಿನ ಒಳಬದಿಯಲ್ಲಿ, ಮಡಿಕೆಯ ಗೆರೆಗೆ ತಾಗುವಂತೆ ಅಂಟಿಸಲಾಗುತ್ತದೆ. ಅಗಲವಾದ ಭಾಗಗಳಿಗೆ ದರ್ಜಿಗಳು ಬಳಸುವ ಬಕ್ರಮ್, ಕ್ಯಾನ್ವಾಸ್ ಅಥವಾ ತೆಳುವಾದ ಸಸ್ಯ ಹದದ ತೊಗಲನ್ನು ಒಳಪದರವಾಗಿ ಕೊಡುವುದುಂಟು. ಒಳಪದರದ ಮೇಲೆ ಅಂಟನ್ನು ಪೂರ್ತಿಯಾಗಿ ಹಚ್ಚಿದರೆ ತೊಗಲು ತನ್ನ ಮೃದುತ್ವವನ್ನು ಕಳೆದುಕೊಳ್ಳುತ್ತದೆ. ಆದ್ದರಿಂದ ಅಂಚಿನ ಸುತ್ತ ಸುಮಾರು ಒಂದು ಸೆಂಟಿಮೀಟರ್ ಅಗಲಕ್ಕೆ ಮಾತ್ರ ಅಂಟಿಸಿ ನಡುಭಾಗವನ್ನು ಬಿಡುವುದು ಉತ್ತಮ. ಹೀಗೆ ಮಾಡಿದಾಗ ವಸ್ತು ಕೈಗೆ ಮೆತ್ತಗೆ ಹತ್ತುತ್ತದೆ, ಅಂಚು ಮಾತ್ರ ಬಿಗಿಯಾಗಿರುತ್ತದೆ.

### ಅಂಚು ತೆಳುಗೊಳಿಸುವಿಕೆ

ಮಡಿಸುವ ಅಥವಾ ಒಂದರ ಮೇಲೊಂದು ಕೂಡಿಸುವ ಅಂಚುಗಳ ಒಳಬದಿಯನ್ನು ಹೆರೆದು ತೆಳುಗೊಳಿಸಲಾಗುತ್ತದೆ. ಇದಕ್ಕೆ ಸಾಂಪ್ರದಾಯಿಕ ಉಪಕರಣ ರಂಪಿಗೆ, ಅಂದರೆ ಚರ್ಮಕಾರರ ಅಗಲ ಅಲಗಿನ ಕತ್ತಿ. ಒಂದು ಮಿಲಿಮೀಟರ್ ದಪ್ಪದ ತೊಗಲನ್ನು ಸಾಮಾನ್ಯವಾಗಿ ಅರ್ಧದಷ್ಟಕ್ಕೆ ಇಳಿಸಲಾಗುತ್ತದೆ. ತೆಳುಗೊಳಿಸಿದ ಭಾಗ ಮಡಿಕೆಗಿಂತ ತುಸು ಅಗಲವಾಗಿರಬೇಕು. ಉದಾಹರಣೆಗೆ, 8 ಮಿಲಿಮೀಟರ್ ಮಡಿಸುವುದಿದ್ದರೆ ಸುಮಾರು 12 ಮಿಲಿಮೀಟರ್ ಹೆರೆಯಲಾಗುತ್ತದೆ. ಆಗ ಮಡಿಕೆಯ ಗೆರೆ ತೆಳು ಭಾಗದಲ್ಲಿಯೇ ಬರುತ್ತದೆ.

ಮೃದು ತೊಗಲು ಅಲಗಿನಡಿಯಲ್ಲಿ ಮುದುಡಿಕೊಂಡು ತೂತಾಗುವ ಅಪಾಯವಿದೆ. ಗಾಜು ಅಥವಾ ಅಮೃತಶಿಲೆಯ ನುಣುಪು ಹಲಗೆಯ ಮೇಲೆ ತೊಗಲನ್ನು ಬೆರಳುಗಳಿಂದ ಬಿಗಿಯಾಗಿ ಹಿಡಿಯುವುದು, ಮೇಲ್ಬದಿಗೆ ಸುಲಭವಾಗಿ ಕೀಳಬಲ್ಲ ಅಂಟುಪಟ್ಟಿ ಹಚ್ಚಿ ತಾತ್ಕಾಲಿಕವಾಗಿ ಗಟ್ಟಿಗೊಳಿಸುವುದು ಮತ್ತು ಅಲಗನ್ನು ಆಗಾಗ ಮಸೆಯುವುದು ಇದಕ್ಕೆ ಪರಿಹಾರಗಳು.

## ಅಂಚಿನ ಬಗೆಗಳು

### ಮಡಿಸಿದ ಅಂಚು

ತೆಳುಗೊಳಿಸಿದ ಅಂಚಿಗೆ ಅಂಟು ಹಚ್ಚಿ, ಒಳಕ್ಕೆ ಮಡಿಸಿ, ಚಪ್ಪಟೆ ಮುಖದ ಸುತ್ತಿಗೆಯಿಂದ ಹಗುರವಾಗಿ ಬಡಿದು ಹೊಲಿಯುವುದು ಮೃದು ತೊಗಲಿಗೆ ಅತ್ಯಂತ ಹೊಂದುವ ವಿಧಾನ. ಇದರಲ್ಲಿ ನಾರಿನ ತುದಿಗಳು ಹೊರಗೆ ಕಾಣುವುದಿಲ್ಲ. ಸವೆತಕ್ಕೆ ಒಡ್ಡಿಕೊಳ್ಳುವುದು ತೊಗಲಿನ ಗಟ್ಟಿಯಾದ ಮೇಲ್ಪದರ ಮಾತ್ರ. ಹಣದ ಸಂಚಿ, ಮಹಿಳೆಯರ ಚೀಲ ಹಾಗೂ ಪಾದರಕ್ಷೆಗಳ ಮೇಲ್ಭಾಗದಲ್ಲಿ ಇದು ವ್ಯಾಪಕವಾಗಿ ಬಳಕೆಯಲ್ಲಿದೆ.

ತಿರುವುಗಳಲ್ಲಿ ಹೆಚ್ಚಿನ ಎಚ್ಚರಿಕೆ ಬೇಕು. ಹೊರಬಾಗಿದ ಮೂಲೆಯಲ್ಲಿ ಮಡಿಕೆಯ ತೊಗಲು ಹೆಚ್ಚಾಗುವುದರಿಂದ ಅದನ್ನು ಸಣ್ಣ ನೆರಿಗೆಗಳಾಗಿ ಹಿಂಡಿ ಒತ್ತಲಾಗುತ್ತದೆ ಅಥವಾ ತ್ರಿಕೋನಾಕಾರದ ತುಣುಕುಗಳನ್ನು ಕತ್ತರಿಸಿ ತೆಗೆಯಲಾಗುತ್ತದೆ. ಒಳಬಾಗಿದ ತಿರುವಿನಲ್ಲಿ ತೊಗಲು ಸಾಲದೆ ಬರುವುದರಿಂದ ಮಡಿಕೆಯ ಗೆರೆಗೆ ಒಂದೆರಡು ಮಿಲಿಮೀಟರ್ ಮೊದಲೇ ನಿಲ್ಲುವಂತೆ ಸಣ್ಣ ಕಚ್ಚುಗಳನ್ನು ಹಾಕಲಾಗುತ್ತದೆ. ಕಚ್ಚು ಗೆರೆಯನ್ನು ಮುಟ್ಟಿದರೆ ಹಿಗ್ಗಿದಾಗ ಅಲ್ಲಿಂದಲೇ ಹರಿಯತೊಡಗುತ್ತದೆ.

### ಹೊಲಿದು ತಿರುಗಿಸಿದ ಅಂಚು

ಎರಡು ತುಂಡುಗಳ ಮೇಲ್ಬದಿಗಳನ್ನು ಎದುರುಬದುರಾಗಿಟ್ಟು ಹೊಲಿದು, ಬಳಿಕ ದಿಂಬಿನ ಗವಸಿನಂತೆ ಒಳಹೊರಗು ಮಾಡುವ ವಿಧಾನವಿದು. ಕತ್ತರಿಸಿದ ಅಂಚುಗಳು ಒಳಗೆ ಅಡಗುತ್ತವೆ. ಗಟ್ಟಿ ತೊಗಲಿನಲ್ಲಿ ಹೀಗೆ ತಿರುಗಿಸುವುದು ಕಷ್ಟ. ಮೃದುತ್ವವೇ ಇಲ್ಲಿ ಅನುಕೂಲ. ಹೊಲಿಗೆಯ ನಡುವೆ ಸಣ್ಣ ತೊಗಲ ಪಟ್ಟಿಯನ್ನು ಅಥವಾ ಹುರಿ ತುಂಬಿದ ಪೈಪಿಂಗ್ ಅನ್ನು ಸೇರಿಸಿದರೆ ಹೊಲಿಗೆಯ ದಾರ ಮುಚ್ಚಿಹೋಗುತ್ತದೆ, ಚೀಲದ ಆಕಾರವೂ ನಿಲ್ಲುತ್ತದೆ.

### ಅಂಚುಪಟ್ಟಿ

ತೆಳುವಾದ ತೊಗಲು ಅಥವಾ ಬಟ್ಟೆಯ ಪಟ್ಟಿಯನ್ನು ಅಂಚಿನ ಎರಡೂ ಮುಖಗಳನ್ನು ಆವರಿಸುವಂತೆ ಹೊಲಿಯುವುದು ಇನ್ನೊಂದು ಕ್ರಮ. ಅನೇಕ ಪದರಗಳು ಸೇರುವ ಕಡೆ ಇದು ಉಪಯುಕ್ತ. ಪಟ್ಟಿಯನ್ನು ಹೆಚ್ಚು ಹಿಗ್ಗುವ ದಿಕ್ಕಿನಲ್ಲಿ ಕತ್ತರಿಸಿದರೆ ಅದು ತಿರುವುಗಳಲ್ಲಿ ಸುಕ್ಕುಗಟ್ಟದೆ ಕೂರುತ್ತದೆ. ಮುಖ್ಯ ತೊಗಲಿನಲ್ಲಿ ದೋಷವೆನಿಸುವ ಹಿಗ್ಗು ಇಲ್ಲಿ ಗುಣವಾಗುತ್ತದೆ.

### ಬಾರಿನ ಹೆಣಿಗೆ

ಅಂಚಿನುದ್ದಕ್ಕೂ ತೂತುಗಳನ್ನು ಮಾಡಿ 2ರಿಂದ 3 ಮಿಲಿಮೀಟರ್ ಅಗಲದ ತೊಗಲ ಬಾರಿನಿಂದ ಸುತ್ತುವುದು ಬಾರಿನ ಹೆಣಿಗೆ. ಸರಳ ಸುತ್ತು ಹೆಣಿಗೆಗೆ ಅಂಚಿನ ಉದ್ದದ ಮೂರರಿಂದ ನಾಲ್ಕು ಪಟ್ಟು ಬಾರು ಬೇಕಾಗುತ್ತದೆ. ಅಂಚನ್ನು ಸಂಪೂರ್ಣವಾಗಿ ಮುಚ್ಚುವ ಜಡೆಯಂತಹ ಹೆಣಿಗೆಗೆ ಆರು ಪಟ್ಟಿಗಿಂತಲೂ ಹೆಚ್ಚು. ತೊಗಲು ಹಿಗ್ಗಿದಾಗ ಬಾರೂ ಜೊತೆಯಲ್ಲಿ ಸ್ವಲ್ಪ ಹಿಗ್ಗುವುದರಿಂದ ಎಳೆತ ಒಂದೇ ತೂತಿನ ಮೇಲೆ ಬೀಳದೆ ಹಂಚಿಹೋಗುತ್ತದೆ.

### ಬಣ್ಣದ ಅಂಚು

ಅಕ್ರಿಲಿಕ್ ಅಥವಾ ಪಾಲಿಯುರೆಥೇನ್ ಆಧಾರಿತ ದಪ್ಪ ಬಣ್ಣವನ್ನು ಅಂಚಿಗೆ ಹಲವು ಸಲ ಹಚ್ಚಿ, ಪ್ರತಿ ಪದರ ಒಣಗಿದ ಮೇಲೆ ನುಣುಪು ಉಜ್ಜುಕಾಗದದಿಂದ ತಿಕ್ಕುವುದು ಈ ವಿಧಾನ. ಅಂಚು ಕಡ್ಡಿಯಂತೆ ದುಂಡಾಗಿ, ನುಣುಪಾಗಿ ಕಾಣುತ್ತದೆ. ಆದರೆ ಒಂದೇ ಪದರದ ಹಿಗ್ಗುವ ತೊಗಲಿಗೆ ಇದು ಸಲ್ಲದು. ತೊಗಲು ಹಿಗ್ಗಿದಷ್ಟು ಬಣ್ಣದ ಪೊರೆ ಹಿಗ್ಗದೆ ಬಿರುಕುಬಿಟ್ಟು ಸುಲಿದುಹೋಗುತ್ತದೆ. ನಡುವೆ ಹಿಗ್ಗದ ಒಳಪದರವಿಟ್ಟು, ಎರಡು ತೊಗಲುಗಳನ್ನು ಬೆನ್ನಿಗೆ ಬೆನ್ನು ಅಂಟಿಸಿ, ಹೊಲಿದ ನಂತರ ಬಣ್ಣ ಹಚ್ಚಿದರೆ ಮಾತ್ರ ಅದು ನಿಲ್ಲುತ್ತದೆ.

### ಬಿಟ್ಟ ಅಂಚು

ಜಿಂಕೆ, ಆಡು ಮುಂತಾದ ಒತ್ತಾದ ನಾರಿನ ತೊಗಲುಗಳಲ್ಲಿ ಅಂಚನ್ನು ಚೊಕ್ಕವಾಗಿ ಕತ್ತರಿಸಿ ಹಾಗೆಯೇ ಬಿಡಬಹುದು. ಅಂಚಿನಿಂದ ಸುಮಾರು 3 ಮಿಲಿಮೀಟರ್ ಒಳಗೆ ಒಂದು ಸಾಲು ಹೊಲಿಗೆ ಹಾಕಿದರೆ ಹಿಗ್ಗು ಕಡಿಮೆಯಾಗುತ್ತದೆ. ಮೇಲ್ಬದಿ ಮತ್ತು ಅಂಚಿನ ಬಣ್ಣ ಒಂದೇ ಆಗಿರುವಂತೆ ಪೂರ್ತಿ ದಪ್ಪಕ್ಕೆ ಬಣ್ಣ ಹಿಡಿದ ತೊಗಲನ್ನು ಇದಕ್ಕೆ ಆರಿಸಲಾಗುತ್ತದೆ.

## ಹೊಲಿಗೆ

ಕೈಹೊಲಿಗೆಯಲ್ಲಿ ಒಂದೇ ದಾರದ ಎರಡು ತುದಿಗಳಿಗೆ ಎರಡು ಸೂಜಿಗಳನ್ನು ಪೋಣಿಸಿ, ಪ್ರತಿ ತೂತಿನಲ್ಲಿಯೂ ಎರಡೂ ಕಡೆಯಿಂದ ಹಾಯಿಸುವ ಕ್ರಮ ಪ್ರಚಲಿತವಾಗಿದೆ. ಒಂದು ಕಡೆ ದಾರ ಹರಿದರೂ ಉಳಿದ ಹೊಲಿಗೆ ಬಿಚ್ಚಿಕೊಳ್ಳುವುದಿಲ್ಲ. ಮೃದು ತೊಗಲಿಗೆ 3ರಿಂದ 4 ಮಿಲಿಮೀಟರ್ ಅಂತರದ ಹೊಲಿಗೆ ಹೊಂದುತ್ತದೆ. ತೂತುಗಳು ಬಹಳ ಒತ್ತಾದರೆ ಅಂಚೆಚೀಟಿಯ ಹಾಳೆಯಂತೆ ಆ ಸಾಲಿನಲ್ಲಿಯೇ ತೊಗಲು ಹರಿಯುತ್ತದೆ. ದುಂಡು ಮೊನೆಯ ಕೈಯುಳಿ ನಾರುಗಳನ್ನು ಕತ್ತರಿಸದೆ ಸರಿಸುವುದರಿಂದ ತೂತು ಬಿಗಿಯಾಗಿ ಉಳಿಯುತ್ತದೆ. ತ್ರಿಕೋನ ಮೊನೆಯ ಸೂಜಿ ನಾರನ್ನು ಕತ್ತರಿಸಿ ಸುಲಭವಾಗಿ ಹಾಯುತ್ತದೆ. ದಾರವನ್ನು ಅತಿಯಾಗಿ ಜಗ್ಗಿದರೆ ಅಂಚು ಸುಕ್ಕುಗಟ್ಟುತ್ತದೆ.

## ಕೈಗವಸು: ಹಿಗ್ಗನ್ನು ಉಳಿಸಿಕೊಳ್ಳುವ ಸಂದರ್ಭ

ಚೀಲದಲ್ಲಿ ಹಿಗ್ಗನ್ನು ತಡೆಯಬೇಕಾದರೆ ಕೈಗವಸಿನಲ್ಲಿ ಅದನ್ನು ಕಾಪಾಡಬೇಕಾಗುತ್ತದೆ. ಕೈಗವಸು ಬೆರಳನ್ನು ಬಾಗಿಸಿದಾಗ ಅಗಲಕ್ಕೆ ಹಿಗ್ಗಿ ಮತ್ತೆ ಮೊದಲಿನ ಅಳತೆಗೆ ಮರಳಬೇಕು, ಉದ್ದಕ್ಕೆ ಜೋತುಬೀಳಬಾರದು. ಇದಕ್ಕಾಗಿ ನುರಿತ ಕೆಲಸಗಾರರು ತೇವಗೊಳಿಸಿದ ತೊಗಲನ್ನು ಮೇಜಿನ ಮೇಲೆ ಎಳೆದು ಉದ್ದದ ಹಿಗ್ಗನ್ನು ಮೊದಲೇ ತೆಗೆದು, ಅಗಲದ ಹಿಗ್ಗನ್ನು ಉಳಿಸಿಕೊಂಡು ಕತ್ತರಿಸುತ್ತಾರೆ. ಫ್ರಾನ್ಸಿನ ಗ್ರೆನೊಬ್ಲ್ ನಗರ ಈ ಕಸುಬಿಗೆ ಪ್ರಸಿದ್ಧವಾಗಿತ್ತು. ಅಲ್ಲಿನ ಜಾವಿಯೆ ಜುವೆ 1834ರಲ್ಲಿ ಕೈಗವಸನ್ನು ನಿಖರ ಅಳತೆಗೆ ಕತ್ತರಿಸುವ ಅಚ್ಚನ್ನು ರೂಪಿಸಿದನು.

ಕೈಗವಸಿನ ಅಂಚುಗಳಿಗೆ ಹಿಗ್ಗು ತಡೆಯುವ ಪಟ್ಟಿಯನ್ನು ಅಂಟಿಸುವುದಿಲ್ಲ. ಅಂಚುಗಳನ್ನು ಒಳಗೆ ತಿರುಗಿಸಿ ಹೊಲಿಯುವುದು, ಎರಡು ಅಂಚುಗಳನ್ನು ಹೊರಗೇ ಕಾಣುವಂತೆ ಜೋಡಿಸಿ ಹೊಲಿಯುವುದು ಮತ್ತು ಒಂದು ಅಂಚಿನ ಮೇಲೆ ಇನ್ನೊಂದನ್ನು ಹೊದಿಸಿ ಹೊಲಿಯುವುದು ಮುಖ್ಯ ಕ್ರಮಗಳು. ಮೊದಲನೆಯದು ನಾಜೂಕಾದ ನೋಟ ಕೊಡುತ್ತದೆ. ಎರಡನೆಯದು ಬೆರಳಿಗೆ ಒಳಗಿನಿಂದ ಒತ್ತದಿರುವುದರಿಂದ ದುಡಿಮೆಯ ಕೈಗವಸುಗಳಿಗೆ ಸೂಕ್ತ.

## ವಿಧಾನದ ಆಯ್ಕೆ

ಅಂಚಿನ ಮೇಲೆ ಬೀಳುವ ಭಾರ, ತೊಗಲಿನ ದಪ್ಪ ಮತ್ತು ಹಿಗ್ಗು, ಹಾಗೂ ವಸ್ತುವಿನ ಬೆಲೆಯನ್ನು ಅನುಸರಿಸಿ ವಿಧಾನವನ್ನು ನಿರ್ಧರಿಸಲಾಗುತ್ತದೆ.

* ಹಿಡಿಕೆ ಮತ್ತು ಹೆಗಲಪಟ್ಟಿ: ಹಿಗ್ಗದ ಒಳಪದರ ಕಡ್ಡಾಯ, ಮಡಿಸಿದ ಅಂಚು ಅಥವಾ ಬಣ್ಣದ ಅಂಚು.
* ಚೀಲದ ಬಾಯಿ: ಪಟ್ಟಿ ಅಂಟಿಸಿ ಮಡಿಸಿದ ಅಂಚು. ಇಲ್ಲಿ ಹಿಗ್ಗನ್ನು ತಡೆಯದಿದ್ದರೆ ಬಾಯಿ ಅಲೆಯಲೆಯಾಗಿ ಜೋಲುತ್ತದೆ.
* ಚೀಲದ ಪಕ್ಕೆಗಳು: ಹೊಲಿದು ತಿರುಗಿಸಿದ ಅಂಚು, ಪೈಪಿಂಗ್ ಸಹಿತ.
* ಹಣದ ಸಂಚಿಯ ಒಳಪದರಗಳು: ತೆಳುಗೊಳಿಸಿ ಮಡಿಸಿದ ಅಂಚು.
* ಉಡುಪು: ಮಡಿಸಿ ಅಂಟಿಸಿದ ಅಂಚು ಅಥವಾ ಬಿಟ್ಟ ಅಂಚು.
* ಕೈಗವಸು: ಹಿಗ್ಗನ್ನು ಉಳಿಸುವ ಕೈಹೊಲಿಗೆ.

ಮಡಿಸಿದ ಅಂಚಿಗೆ ಸಮಯ ಹೆಚ್ಚು ಹಿಡಿಯುತ್ತದೆ. ಹೆರೆಯುವುದು, ಪಟ್ಟಿ ಅಂಟಿಸುವುದು, ಮಡಿಸುವುದು, ಬಡಿಯುವುದು, ಹೊಲಿಯುವುದು ಎಂಬ ಹಂತಗಳು ಮುಗಿದ ವಸ್ತುವಿನಲ್ಲಿ ಕಾಣಿಸುವುದಿಲ್ಲ. ಆದ್ದರಿಂದ ಕೊಳ್ಳುವವರಿಗೆ ಕೈಕೆಲಸದ ಬೆಲೆಯ ಕಾರಣ ಮೇಲ್ನೋಟಕ್ಕೆ ತಿಳಿಯುವುದು ಕಷ್ಟ. ಅಂಚನ್ನು ಎರಡು ಬೆರಳುಗಳ ನಡುವೆ ಹಿಡಿದು ಉದ್ದಕ್ಕೆ ಮೆಲ್ಲಗೆ ಎಳೆದಾಗ ಅದು ಹಿಗ್ಗದೆ ನಿಂತರೆ ಒಳಗೆ ಪಟ್ಟಿ ಅಥವಾ ಒಳಪದರ ಇದೆಯೆಂದು ತಿಳಿಯಬಹುದು.

## ಸಾಮಾನ್ಯ ದೋಷಗಳು

ಅಂಚು ಅಲೆಯಾಗುವುದಕ್ಕೆ ಹೊಲಿಯುವಾಗ ತೊಗಲನ್ನು ಎಳೆದಿರುವುದು ಕಾರಣ. ಮಡಿಕೆ ದಪ್ಪವಾಗಿ ಉಬ್ಬುವುದು ಸಾಕಷ್ಟು ಹೆರೆಯದಿರುವುದರಿಂದ; ಮಡಿಕೆಯ ಮೇಲೆಯೇ ಸೀಳುವುದು ಅತಿಯಾಗಿ ಹೆರೆದಿರುವುದರಿಂದ. ಅಂಟು ಬಿಡುವುದು ಸಾಮಾನ್ಯವಾಗಿ ಎಣ್ಣೆಯಂಶ ಹೆಚ್ಚಿರುವ ತೊಗಲಿನಲ್ಲಿ ಕಂಡುಬರುತ್ತದೆ. ಅಂಟಿಸುವ ಜಾಗವನ್ನು ಉಜ್ಜುಕಾಗದದಿಂದ ತುಸು ಒರಟು ಮಾಡುವುದು, ಎರಡೂ ಮುಖಗಳಿಗೆ ತೆಳುವಾಗಿ ಅಂಟು ಹಚ್ಚಿ ಆರಿದ ಮೇಲೆ ಒತ್ತುವುದು ಇದಕ್ಕೆ ಪರಿಹಾರ.

## ಆರೋಗ್ಯ ಮತ್ತು ಸುರಕ್ಷತೆ

ಮಡಿಸಿದ ಅಂಚಿಗೆ ಬಳಸುವ ರಬ್ಬರ್ ಅಂಟುಗಳಲ್ಲಿ ಆವಿಯಾಗುವ ದ್ರಾವಕಗಳಿರುತ್ತವೆ. ಅವುಗಳಲ್ಲಿ ಒಂದಾದ ಎನ್-ಹೆಕ್ಸೇನನ್ನು ಗಾಳಿಯಾಡದ ಕೋಣೆಗಳಲ್ಲಿ ದೀರ್ಘಕಾಲ ಉಸಿರಾಡಿದ ಪಾದರಕ್ಷೆ ಕೆಲಸಗಾರರಲ್ಲಿ ಕೈಕಾಲುಗಳ ನರಗಳು ದುರ್ಬಲಗೊಂಡು ಜೋಮು ಹಾಗೂ ನಿಶ್ಶಕ್ತಿ ಉಂಟಾದ ಪ್ರಕರಣಗಳು ಇಟಲಿ ಮತ್ತು ಜಪಾನ್‌ಗಳಲ್ಲಿ ದಾಖಲಾಗಿವೆ. ಟಾಲೀನ್ ಕೂಡ ನರಮಂಡಲಕ್ಕೆ ಹಾನಿಕರ. ಮನೆಯಲ್ಲಿಯೇ ಕೆಲಸ ಮಾಡುವವರು ಅಡುಗೆಯ ಒಲೆಯಿಂದ ದೂರ, ಕಿಟಕಿ ಬಾಗಿಲು ತೆರೆದ ಜಾಗದಲ್ಲಿ ಅಂಟು ಬಳಸುವುದು ಅಗತ್ಯ; ಈ ದ್ರಾವಕಗಳು ಬೇಗನೆ ಬೆಂಕಿ ಹಿಡಿಯುತ್ತವೆ. ನೀರಿನ ಆಧಾರದ ಅಂಟುಗಳು ಒಣಗಲು ಹೆಚ್ಚು ಸಮಯ ತೆಗೆದುಕೊಂಡರೂ ಈ ಅಪಾಯವನ್ನು ಕಡಿಮೆ ಮಾಡುತ್ತವೆ.

ಕ್ರೋಮ್ ತೊಗಲಿನಲ್ಲಿರುವ ಮೂರು ಸಂಯೋಗಶಕ್ತಿಯ ಕ್ರೋಮಿಯಂ ಕೆಲವು ಸಂದರ್ಭಗಳಲ್ಲಿ, ವಿಶೇಷವಾಗಿ ಹೆಚ್ಚಿನ ಬಿಸಿ ಮತ್ತು ಕ್ಷಾರೀಯ ವಸ್ತುಗಳ ಸಂಪರ್ಕದಲ್ಲಿ, ಹಾನಿಕರವಾದ ಆರು ಸಂಯೋಗಶಕ್ತಿಯ ರೂಪಕ್ಕೆ ಬದಲಾಗಬಹುದು. ಇದು ಚರ್ಮದ ಅಲರ್ಜಿಗೆ ಕಾರಣವಾಗುತ್ತದೆ. ಮೈಗೆ ತಾಗುವ ತೊಗಲಿನ ವಸ್ತುಗಳಲ್ಲಿ ಇದರ ಪ್ರಮಾಣ ಕಿಲೋಗ್ರಾಂಗೆ 3 ಮಿಲಿಗ್ರಾಂ ತಲುಪಬಾರದೆಂಬ ನಿಯಮ ಯುರೋಪಿಯನ್ ಒಕ್ಕೂಟದಲ್ಲಿ 2015ರ ಮೇ 1ರಿಂದ ಜಾರಿಯಲ್ಲಿದೆ. ಅಂಚನ್ನು ಬೆಂಕಿಯಿಂದ ಸುಡುವುದು ಸೂಕ್ತವಲ್ಲ. ಉಜ್ಜುಕಾಗದದಿಂದ ತಿಕ್ಕುವಾಗ ಮೂಗಿಗೆ ಮುಸುಕು ಧರಿಸಿ, ದೂಳನ್ನು ಒದ್ದೆ ಬಟ್ಟೆಯಿಂದ ಒರೆಸಬೇಕು.

## ಭಾರತದಲ್ಲಿ

ದಕ್ಷಿಣ ಭಾರತದಲ್ಲಿ ತಂಗಡಿ ಗಿಡದ ತೊಗಟೆ ಮತ್ತು ಅಳಲೆಕಾಯಿಯಿಂದ ಆಡು, ಕುರಿಗಳ ಚರ್ಮವನ್ನು ಹದ ಮಾಡುವ ಪರಂಪರೆಯಿದೆ. ಈಸ್ಟ್ ಇಂಡಿಯಾ ತೊಗಲು ಎಂದು ಹೆಸರಾದ ಇದು ತೆಳುವಾಗಿದ್ದರೂ ಸಸ್ಯ ಹದದ್ದಾದುದರಿಂದ ಇದರ ಅಂಚನ್ನು ಸ್ವಲ್ಪಮಟ್ಟಿಗೆ ಉಜ್ಜಿ ನುಣುಪು ಮಾಡಬಹುದು. ತಮಿಳುನಾಡಿನ ಆಂಬೂರು, ವಾಣಿಯಂಬಾಡಿ ಮತ್ತು ರಾಣಿಪೇಟೆಗಳು ತೊಗಲು ಉದ್ಯಮದ ಪ್ರಮುಖ ಕೇಂದ್ರಗಳು. ಚೆನ್ನೈನಲ್ಲಿ 1948ರಲ್ಲಿ ಸ್ಥಾಪನೆಯಾದ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ ಹದ ಮತ್ತು ತಯಾರಿಕೆಯ ಕುರಿತು ಸಂಶೋಧನೆ ನಡೆಸುತ್ತದೆ.

ಕರ್ನಾಟಕದ ಬೆಳಗಾವಿ, ಬಾಗಲಕೋಟೆ, ಧಾರವಾಡ ಮತ್ತು ವಿಜಯಪುರ ಜಿಲ್ಲೆಗಳೂ ಸೇರಿದಂತೆ ಭೌಗೋಳಿಕ ಸೂಚಕ ಪಡೆದಿರುವ ಕೊಲ್ಹಾಪುರಿ ಚಪ್ಪಲಿ ಮೃದು ತೊಗಲಿನ ಕೆಲಸಕ್ಕೆ ವ್ಯತಿರಿಕ್ತವಾದ ಉದಾಹರಣೆ. ಅದರ ಅಟ್ಟೆ ಸಸ್ಯ ಹದದ ಗಟ್ಟಿ ತೊಗಲಿನದು. ಪದರಗಳನ್ನು ಬಡಿದು ಬಿಗಿಗೊಳಿಸಿ, ತೊಗಲ ಎಳೆಯಿಂದ ಹೊಲಿದು, ಅಂಚನ್ನು ಕತ್ತಿಯಿಂದ ಸವರಿ ಹಾಗೆಯೇ ತೆರೆದಿಡಲಾಗುತ್ತದೆ. ಈ ಕಸುಬಿನಲ್ಲಿ ಪಳಗಿದವರು ಕ್ರೋಮ್ ಹದದ ಮೆತ್ತನೆಯ ತೊಗಲಿನಿಂದ ಚೀಲ, ಸಂಚಿಗಳನ್ನು ತಯಾರಿಸುವಾಗ ರಂಪಿಗೆ, ಕೈಯುಳಿಗಳು ಅವೇ ಆಗಿದ್ದರೂ, ಅಂಚನ್ನು ತೆರೆದಿಡುವ ಬದಲು ತೆಳುಗೊಳಿಸಿ ಮಡಿಸುವ ಕ್ರಮವನ್ನು ಹೊಸದಾಗಿ ರೂಢಿಸಿಕೊಳ್ಳಬೇಕಾಗುತ್ತದೆ.

## ಇವನ್ನೂ ನೋಡಿ

* ತೊಗಲು
* ಚರ್ಮ ಹದಗಾರಿಕೆ
* ಕೊಲಾಜೆನ್
* ಕೊಲ್ಹಾಪುರಿ ಚಪ್ಪಲಿ
* ಕೈಗವಸು